ಸ್ಕಾಲರ್‌ಶಿಪ್ಪೇ ಇಲ್ಲದ ಆಟ, ಗೆಲ್ಲುವವರು ಮಾತ್ರ ಅವರೇ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಸೇಲಂ ಅಂತ ಒಂದು ಸಣ್ಣ ಊರಿದೆ. 1993ರಿಂದ 2017ರವರೆಗೆ ಅಮೆರಿಕದ ಡಿವಿಷನ್ 3 ಅನ್ನುವ ಕೆಳಗಿನ ದರ್ಜೆಯ ಕಾಲೇಜು ಫುಟ್‌ಬಾಲ್ ಫೈನಲ್ ಪ್ರತಿ ಡಿಸೆಂಬರ್‌ನಲ್ಲಿ ಇದೇ ಊರಲ್ಲಿ ನಡೆಯುತ್ತಿತ್ತು. ಸ್ಟ್ಯಾಗ್ ಬೌಲ್ ಅಂತ ಅದರ ಹೆಸರು. 2005ರಲ್ಲಿ ಓಹಾಯೋದ ಮೌಂಟ್ ಯೂನಿಯನ್ ಮತ್ತು ವಿಸ್ಕಾನ್ಸಿನ್‌ನ ವೈಟ್‌ವಾಟರ್ ಫೈನಲ್‌ಗೆ ಬಂದವು. 2006ರಲ್ಲೂ ಅವೇ ಬಂದವು. 2007, 2008, 2009, 2010, 2011ರಲ್ಲೂ ಅವೇ. 2012ರಲ್ಲಿ ವೈಟ್‌ವಾಟರ್ ತಪ್ಪಿಸಿಕೊಂಡಿತು, ಮೌಂಟ್ ಯೂನಿಯನ್ ಮಾತ್ರ ಬಂತು. 2013, 2014ರಲ್ಲಿ ಮತ್ತೆ ಇಬ್ಬರೂ ಹಾಜರ್. ಹತ್ತು ವರ್ಷದಲ್ಲಿ ಒಂಬತ್ತು ಫೈನಲ್ ಅವೇ ಎರಡು ತಂಡಗಳ ನಡುವೆ ನಡೆದವು. ತಮಾಷೆ ಅಂದರೆ ಎರಡೂ ತಂಡದ ಬಣ್ಣ ನೇರಳೆ. ದೂರದಿಂದ ನೋಡಿದವರಿಗೆ ಯಾರು ಯಾರ ಕಡೆಯವರು ಅಂತಲೂ ಗೊತ್ತಾಗುವ ಹಾಗಿರಲಿಲ್ಲ.

ಫುಟ್‌ಬಾಲ್ ಅಂದರೆ ಇಲ್ಲಿ ನಮ್ಮ ಕಾಲ್ಚೆಂಡಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಿನವನನ್ನು ಗುದ್ದಿಕೊಂಡು ಮುಂದೆ ಹೋಗುವ ಅಮೆರಿಕನ್ ಆಟ. ನಿಯಮಗಳು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಇಲ್ಲಿ ಮಾತು ಆಟದ್ದಲ್ಲ, ಅದರ ವ್ಯವಸ್ಥೆಯದ್ದು.

ಅಲ್ಲಿನ ಕಾಲೇಜು ಕ್ರೀಡೆಯನ್ನು ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರಡಿ ಫುಟ್‌ಬಾಲ್‌ಗೆ ನಾಲ್ಕು ಮಹಡಿಗಳಿವೆ. ಮೇಲಿನದು ಎಫ್‌ಬಿಎಸ್. ಟಿವಿಯಲ್ಲಿ ಕಾಣುವ ಅಲಬಾಮಾ, ಓಹಾಯೋ ಸ್ಟೇಟ್ ಎಲ್ಲ ಅಲ್ಲಿವೆ. ಬಹಳ ವರ್ಷ ಅಲ್ಲಿ ಒಂದು ತಂಡ 85 ಆಟಗಾರರಿಗೆ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದಿತ್ತು. ಕೆಳಗಿನ ಎಫ್‌ಸಿಎಸ್‌ನಲ್ಲಿ 63. ಇವೆರಡೂ ಸೇರಿ ಡಿವಿಷನ್ 1. ಅದರ ಕೆಳಗೆ ಡಿವಿಷನ್ 2, ಅಲ್ಲಿ 36. ನೆಲಮಹಡಿಯೇ ಡಿವಿಷನ್ 3. ಅಲ್ಲಿ ಸ್ಕಾಲರ್‌ಶಿಪ್ ಸೊನ್ನೆ. ಚೆನ್ನಾಗಿ ಆಡ್ತೀಯ ಅಂತ ಒಂದು ಡಾಲರ್ ಕೂಡ ಕೊಡುವ ಹಾಗಿಲ್ಲ. ಅಂಕ ನೋಡಿ, ಮನೆಯ ಆದಾಯ ನೋಡಿ ಬೇರೆ ವಿದ್ಯಾರ್ಥಿಗಳಿಗೆ ಕೊಡುವ ರಿಯಾಯಿತಿಯಷ್ಟೇ ಆಟಗಾರರಿಗೂ.

ಹಾಗಿದ್ದರೆ ಅಲ್ಲಿ ಎಲ್ಲರೂ ಸಮ ಇರಬೇಕಲ್ವಾ? ದುಡ್ಡಿನ ಆಟವೇ ಇಲ್ಲ. ಸುಮಾರು 240 ಕಾಲೇಜುಗಳು ಆಡುತ್ತವೆ. ಒಂದು ವರ್ಷ ಇವರು, ಒಂದು ವರ್ಷ ಅವರು ಗೆಲ್ಲಬೇಕು. ಆಗಿದ್ದು ಇದು: 1993ರಿಂದ 2014ರವರೆಗಿನ 22 ಪ್ರಶಸ್ತಿಗಳಲ್ಲಿ 17 ಈ ಎರಡೇ ತಂಡದ ಪಾಲಾದವು. ಮೌಂಟ್ ಯೂನಿಯನ್‌ಗೆ 11, ವೈಟ್‌ವಾಟರ್‌ಗೆ 6. ಮಿಕ್ಕ ಐದನ್ನು ಐದು ಕಾಲೇಜುಗಳು ಹಂಚಿಕೊಂಡವು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಇಲ್ಲದಿದ್ದರೂ ಇವರು ಗೆದ್ದರು ಅನ್ನೋದು ತಪ್ಪು. ದುಡ್ಡು ಇಲ್ಲದ್ದರಿಂದಲೇ ಗೆಲ್ಲುತ್ತಾ ಹೋದರು. ದುಡ್ಡಿರುವ ಕಡೆ ಹಿಂದೆ ಬಿದ್ದವನು ಹೊಸ ಕೋಚ್‌ನನ್ನು, ಒಳ್ಳೆಯ ಆಟಗಾರರನ್ನು ಕೊಂಡು ನಾಲ್ಕು ವರ್ಷದಲ್ಲಿ ಮೇಲೆ ಬರಬಹುದು. ಇಲ್ಲಿ ಕೊಳ್ಳಲು ಏನೂ ಇಲ್ಲ. ಗೆಲುವು ನಿಧಾನಕ್ಕೆ ಕೂಡಿಡುವ ವಸ್ತುಗಳಿಂದ ಬರುತ್ತದೆ: ಬಿಟ್ಟು ಹೋಗದ ಕೋಚ್, ಸುತ್ತಲಿನ ಹೈಸ್ಕೂಲುಗಳ ಜೊತೆಗಿನ ನಂಟು, ಎರಡು ವರ್ಷ ಬೆಂಚಿನಲ್ಲಿ ಕಾಯಲು ತಯಾರಿರುವ ಹುಡುಗರು. ಇವನ್ನು ಒಮ್ಮೆ ಕೂಡಿಟ್ಟವನು ಬಡ್ಡಿ ತಿನ್ನುತ್ತಲೇ ಇರುತ್ತಾನೆ.

ಆ ಬಡ್ಡಿ ಹೇಗೆ ಬೆಳೆಯುತ್ತದೆ ಅಂತ ಒಂದು ಲೆಕ್ಕ ಹಾಕೋಣ. ಡಿವಿಷನ್ 3ರಲ್ಲಿ ಮಾಮೂಲಿ ಸೀಸನ್ ಅಂದರೆ 10 ಪಂದ್ಯ. 32 ತಂಡಗಳ ಪ್ಲೇಆಫ್ (ಸೋತರೆ ಹೊರಗೆ ಅನ್ನುವ ಕೊನೆಯ ಹಂತ) ಇದ್ದ ಕಾಲದಲ್ಲಿ ಫೈನಲ್‌ವರೆಗೆ ಹೋದವರು ಇನ್ನೂ ಐದು ಪಂದ್ಯ ಆಡುತ್ತಿದ್ದರು, ಒಟ್ಟು 15. ಮಧ್ಯಮ ತಂಡದ ಹುಡುಗ ನಾಲ್ಕು ವರ್ಷದಲ್ಲಿ 40 ಪಂದ್ಯ ನೋಡಿದರೆ, ವರ್ಷ ವರ್ಷ ಫೈನಲ್‌ಗೆ ಹೋಗುವ ತಂಡದ ಹುಡುಗ 60 ನೋಡುತ್ತಾನೆ. 20 ಪಂದ್ಯ ಜಾಸ್ತಿ, ಅಂದರೆ ಎರಡು ಪೂರ್ತಿ ಸೀಸನ್! ಜೊತೆಗೆ ಪ್ರತಿ ವರ್ಷ ಐದು ವಾರದ ಹೆಚ್ಚುವರಿ ಅಭ್ಯಾಸ. ಬೇರೆ ಕಾಲೇಜಿನವರು ನವೆಂಬರ್ ಮಧ್ಯದಲ್ಲಿ ಹೆಲ್ಮೆಟ್ ಕಪಾಟಿಗೆ ಸೇರಿಸಿದ ಮೇಲೂ ಇವರು ಚಳಿಯಲ್ಲಿ ಮೈದಾನದಲ್ಲೇ ಇರುತ್ತಾರೆ. ಬೆಂಚಿನ ಹುಡುಗನಿಗೂ ಆ ಅಭ್ಯಾಸ ಸಿಗುತ್ತದೆ. ಹಾಗಾಗಿ ಮೌಂಟ್ ಯೂನಿಯನ್‌ನ ನಾಲ್ಕನೇ ವರ್ಷದವನು ಎದುರಾಳಿಗೆ ಲೆಕ್ಕದಲ್ಲಿ ಆರನೇ ವರ್ಷದವನ ಹಾಗೆ ಕಾಣುತ್ತಾನೆ. ಇದು ಮೋಸ ಅಲ್ಲ. ಕಳೆದ ವರ್ಷದ ಗೆಲುವು ಈ ವರ್ಷದ ಗೆಲುವಿಗೆ ಕೊಟ್ಟ ಮುಂಗಡ.

ಇನ್ನೊಂದಿದೆ. ಇಂಥ ತಂಡ ತನ್ನ ಲೀಗಿನ ಪಂದ್ಯಗಳನ್ನು ಅರ್ಧ ಆಟದಲ್ಲೇ ಮುಗಿಸಿಬಿಡುತ್ತದೆ. 42-0 ಆದಮೇಲೆ ಮುಖ್ಯ ಆಟಗಾರರು ಟೋಪಿ ಹಾಕಿಕೊಂಡು ಬದಿಯಲ್ಲಿ ನಿಲ್ಲುತ್ತಾರೆ. ಎರಡನೇ ಸಾಲಿನವರು, ಆಮೇಲೆ ಮೂರನೇ ಸಾಲಿನವರು ಇಳಿಯುತ್ತಾರೆ. ನಿಜವಾದ ಪಂದ್ಯ, ನಿಜವಾದ ಎದುರಾಳಿ, ಮೈಗೆ ನಿಜವಾದ ಏಟು. ಮುಂದಿನ ವರ್ಷ ಮುಖ್ಯ ಆಟಗಾರ ಪದವಿ ಮುಗಿಸಿ ಹೊರಟಾಗ ಅವನ ಜಾಗಕ್ಕೆ ಬರುವವನು ಹೊಸಬ ಅನ್ನಿಸಿಕೊಂಡರೂ ಹೊಸಬನಲ್ಲ. ಸೋಲುವ ತಂಡಕ್ಕೆ ಈ ಸೌಲಭ್ಯ ಇಲ್ಲ. ಅದು ಕೊನೇ ನಿಮಿಷದವರೆಗೂ ತನ್ನ ಒಳ್ಳೆಯವರನ್ನೇ ಆಡಿಸಬೇಕು.

ಇನ್ನು ಕೋಚ್ ವಿಷಯಕ್ಕೆ ಬರೋಣ. ಲ್ಯಾರಿ ಕೆರೆಸ್ ಓದಿದ್ದು ಮೌಂಟ್ ಯೂನಿಯನ್‌ನಲ್ಲೇ, ಆಡಿದ್ದೂ ಅಲ್ಲೇ. 1986ರಲ್ಲಿ ಮುಖ್ಯ ಕೋಚ್ ಆದರು, 2012ರವರೆಗೆ ಅಲ್ಲೇ ಇದ್ದರು. 332 ಗೆಲುವು, 24 ಸೋಲು, 3 ಡ್ರಾ. ಇಪ್ಪತ್ತೇಳು ವರ್ಷದಲ್ಲಿ 24 ಸೋಲು, ಅಂದರೆ ವರ್ಷಕ್ಕೆ ಒಂದೂ ಇಲ್ಲ. ಕಾಲೇಜು ಫುಟ್‌ಬಾಲ್ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಸರಾಸರಿ ಯಾರದ್ದೂ ಇಲ್ಲ. ಒಂದು ಸಲ ಸತತ 54 ಪಂದ್ಯ ಗೆದ್ದು ಸೋತರು. ಸುಧಾರಿಸಿಕೊಂಡು ಸತತ 55 ಗೆದ್ದರು.

ಆ 55ರ ಓಟವನ್ನು 2003ರ ಫೈನಲ್‌ನಲ್ಲಿ ನಿಲ್ಲಿಸಿದ್ದು ಯಾರು ಗೊತ್ತಾ? ಮಿನ್ನೆಸೋಟಾದ ಸೇಂಟ್ ಜಾನ್ಸ್. ಅದರ ಕೋಚ್ ಜಾನ್ ಗ್ಯಾಗ್ಲಿಯಾರ್ಡಿ ಆ ಕಾಲೇಜಿಗೆ ಬಂದಿದ್ದು 1953ರಲ್ಲಿ, ನಿವೃತ್ತಿ ಆಗಿದ್ದು 2012ರಲ್ಲಿ. ಒಟ್ಟು 489 ಗೆಲುವು, ಅದೂ ದಾಖಲೆ. ಆ ಮನುಷ್ಯ ಅಭ್ಯಾಸದಲ್ಲಿ ಟ್ಯಾಕಲ್ ಮಾಡಲು, ಅಂದರೆ ಎದುರಿನವನನ್ನು ಹಿಡಿದು ಕೆಡವಲು, ಬಿಡುತ್ತಿರಲಿಲ್ಲ. ಸೀಟಿ ಊದುತ್ತಿರಲಿಲ್ಲ. ನನ್ನನ್ನು ಕೋಚ್ ಅನ್ನಬೇಡಿ, ಜಾನ್ ಅನ್ನಿ ಅನ್ನುತ್ತಿದ್ದರು. ಫುಟ್‌ಬಾಲ್ ಕೋಚ್ ಅಂದರೆ ಹೀಗಿರಬೇಕು ಅಂತ ಅಮೆರಿಕ ನಂಬಿದ್ದ ಎಲ್ಲದಕ್ಕೂ ಉಲ್ಟಾ. ಆದರೂ ಗೆದ್ದರು. ಗೆಲ್ಲಲು ಇಂಥದ್ದೇ ವಿಧಾನ ಬೇಕು ಅಂತ ಪುಸ್ತಕ ಬರೆಯುವವರು ಇವರಿಬ್ಬರನ್ನೂ ಪಕ್ಕಪಕ್ಕ ಕೂರಿಸಿ ನೋಡಬೇಕು. ಇಬ್ಬರಲ್ಲೂ ಇದ್ದ ಸಮಾನ ಅಂಶ ವಿಧಾನವಲ್ಲ. ಇಬ್ಬರೂ ಊರು ಬಿಡಲಿಲ್ಲ, ಅಷ್ಟೇ.

ವೈಟ್‌ವಾಟರ್‌ನ ಲ್ಯಾನ್ಸ್ ಲೈಪೋಲ್ಡ್ ಕೂಡ ಅಲ್ಲಿನ ಹಳೇ ವಿದ್ಯಾರ್ಥಿ. 2007ರಿಂದ 2014ರವರೆಗೆ ಎಂಟು ಸೀಸನ್, 109 ಗೆಲುವು, 6 ಸೋಲು, 6 ಪ್ರಶಸ್ತಿ. ಅವರು ಮಾತ್ರ ಹೊರಟರು. ಬಫಲೋಗೆ, ಅಲ್ಲಿಂದ ಕ್ಯಾನ್ಸಸ್‌ಗೆ. ಅದಾದ ಮೇಲೂ ವೈಟ್‌ವಾಟರ್ ಒಳ್ಳೆಯ ತಂಡವೇ, 2019ರಲ್ಲಿ ಫೈನಲ್ ಆಡಿತು. ಆದರೆ 2014ರ ನಂತರ ಕಪ್ ಎತ್ತಿಲ್ಲ. ಇತ್ತ ಕೆರೆಸ್ ನಿವೃತ್ತರಾದಾಗ ಕುರ್ಚಿಗೆ ಬಂದಿದ್ದು ಮಗ ವಿನ್ಸ್. ಅದೇ ತಂಡದಲ್ಲಿ ಆಡಿ, ಅಪ್ಪನ ಕೈಕೆಳಗೆ ಡಿಫೆನ್ಸ್ ನೋಡಿಕೊಳ್ಳುತ್ತಿದ್ದವರು. 2015, 2017ರಲ್ಲಿ ಇನ್ನೆರಡು ಕಪ್ ಬಂದವು, ಒಟ್ಟು 13. ವಿನ್ಸ್ ಹೊರಟ ಮೇಲೆ ಬಂದವರೂ ಅದೇ ತಂಡದ ಹಳೇ ಆಟಗಾರ. ನಮ್ಮ ಮಠಗಳ ಹಾಗೆ, ಪೀಠಕ್ಕೆ ಹೊರಗಿನವರು ಬರುವುದಿಲ್ಲ.

ಈ ಮಠದಿಂದ ಹೊರಬಿದ್ದವರೂ ಸಾಮಾನ್ಯರಲ್ಲ. 2025ರ ಫೆಬ್ರುವರಿಯಲ್ಲಿ ವೃತ್ತಿಪರ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ಫಿಲಡೆಲ್ಫಿಯಾ ಈಗಲ್ಸ್ ತಂಡದ ಕೋಚ್ ನಿಕ್ ಸಿರಿಯಾನಿ ಮೌಂಟ್ ಯೂನಿಯನ್‌ನಲ್ಲಿ ಆಡಿದವರು. ಅಯೋವಾ ಸ್ಟೇಟ್‌ನಲ್ಲಿ ಹೆಸರು ಮಾಡಿದ ಮ್ಯಾಟ್ ಕ್ಯಾಂಬೆಲ್ ಕೂಡ. ಸುಮಾರು ಎರಡು ಸಾವಿರ ವಿದ್ಯಾರ್ಥಿಗಳ ಕಾಲೇಜು ಅದು!

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೋಚ್ ಊರಲ್ಲೇ ಇದ್ದು ಸಾಧಾರಣವಾಗಿಯೇ ಉಳಿದ ಕಾಲೇಜುಗಳು ಬೇಕಾದಷ್ಟಿವೆ. ಅಲ್ಲಿ ಬಡ್ಡಿ ಯಾಕೆ ಬೆಳೆಯಲಿಲ್ಲ? ಬಡ್ಡಿ ಬರಬೇಕಾದರೆ ಮೊದಲು ಅಸಲು ಬೇಕಲ್ಲ. ಆ ಅಸಲು ಸಿಗುವುದು ಮ್ಯಾಪಿನಲ್ಲಿ.

ವಿಸ್ಕಾನ್ಸಿನ್ ರಾಜ್ಯ ನೋಡಿ. ಅಲ್ಲಿ ಫುಟ್‌ಬಾಲ್ ಹುಚ್ಚಿಗೆ ಕೊರತೆ ಇಲ್ಲ. ಆದರೆ ಮೇಲಿನ ಮಹಡಿಯಲ್ಲಿ ಅದಕ್ಕಿರುವುದು ಒಂದೇ ತಂಡ, ಮ್ಯಾಡಿಸನ್‌ನ ದೊಡ್ಡ ವಿಶ್ವವಿದ್ಯಾಲಯ. ಎಫ್‌ಸಿಎಸ್ ತಂಡ ಇಲ್ಲ. ಡಿವಿಷನ್ 2 ಫುಟ್‌ಬಾಲ್ ತಂಡವೂ ಇಲ್ಲ. ಅಂದರೆ ಮ್ಯಾಡಿಸನ್‌ಗೆ ಒಂದಿಂಚು ಕಮ್ಮಿ ಬಿದ್ದ ಹುಡುಗನಿಗೆ ಮನೆ ಹತ್ತಿರ ನಡುವಿನ ಮೆಟ್ಟಿಲೇ ಇಲ್ಲ. ರಾಜ್ಯ ಬಿಟ್ಟು ಹೋಗಬೇಕು, ಇಲ್ಲವೇ ನೆಲಮಹಡಿಗೆ ಇಳಿಯಬೇಕು. ಆ ನೆಲಮಹಡಿಯಲ್ಲಿ ಕಾಯುತ್ತಿರುವುದು ವೈಟ್‌ವಾಟರ್‌ನಂಥ ಸರ್ಕಾರಿ ವಿಶ್ವವಿದ್ಯಾಲಯಗಳು. ಅಲ್ಲಿ ಸ್ಥಳೀಯರಿಗೆ ಫೀಸು ಕಮ್ಮಿ. ಸ್ಕಾಲರ್‌ಶಿಪ್ ಕೊಡಬಾರದು ಅನ್ನುವ ನಿಯಮ ಇರುವಾಗ ಕಮ್ಮಿ ಫೀಸೇ ದೊಡ್ಡ ಸ್ಕಾಲರ್‌ಶಿಪ್ ಅಲ್ವಾ? ಬೇರೆ ರಾಜ್ಯದಲ್ಲಿ ಹುಟ್ಟಿದ್ದರೆ ಒಂದೆರಡು ಮಹಡಿ ಮೇಲೆ ಆಡುತ್ತಿದ್ದ ಹುಡುಗ ಇಲ್ಲಿ ಖಾಸಗಿ ಪುಟ್ಟ ಕಾಲೇಜಿನವರ ಮೇಲೆ ಬೀಳುತ್ತಾನೆ.

ಪಕ್ಕದ ಮಿಷಿಗನ್‌ಗೆ ಬನ್ನಿ. ಅಲ್ಲಿ ಮೇಲಿನ ಮಹಡಿಯಲ್ಲಿ ಐದು ತಂಡಗಳಿವೆ. ಎಫ್‌ಸಿಎಸ್ ತಂಡ ಒಂದೂ ಇಲ್ಲ. ನೇರ ಡಿವಿಷನ್ 2. ಈಗ ಡಿವಿಷನ್ 2ರ ದಾದಾಗಳು ಯಾರು ಅಂತ ನೋಡಿ: ಮಿಷಿಗನ್‌ನ ಗ್ರ್ಯಾಂಡ್ ವ್ಯಾಲಿ ಸ್ಟೇಟ್ 2002, 2003, 2005, 2006ರಲ್ಲಿ ಗೆದ್ದಿತು. ಅದೇ ಮಿಷಿಗನ್‌ನ ಫೆರಿಸ್ ಸ್ಟೇಟ್ 2021, 2022, 2024ರಲ್ಲಿ ಗೆದ್ದಿತು. ಫೆರಿಸ್‌ನ ಕೋಚ್ ಟೋನಿ ಅನ್ನೀಸ್ ಅದಕ್ಕೂ ಮುಂಚೆ ಅದೇ ರಾಜ್ಯದಲ್ಲಿ ವರ್ಷಗಟ್ಟಲೆ ಹೈಸ್ಕೂಲು ಕೋಚ್ ಆಗಿದ್ದವರು. ಯಾವ ಊರಲ್ಲಿ ಯಾವ ಹುಡುಗ ಇದ್ದಾನೆ ಅಂತ ಅಂಥವರು ಯಾರನ್ನೂ ಕೇಳಬೇಕಿಲ್ಲ.

ಎಫ್‌ಸಿಎಸ್‌ನಲ್ಲಿ ನಾರ್ತ್ ಡಕೋಟಾ ಸ್ಟೇಟ್ ಕಥೆಯೂ ಇದೇ. ಫಾರ್ಗೊ ಊರಿನ ತಂಡ. 2011ರಿಂದ 2021ರವರೆಗಿನ 11 ಸೀಸನ್‌ಗಳಲ್ಲಿ 9 ಪ್ರಶಸ್ತಿ, 2024ರಲ್ಲಿ ಇನ್ನೊಂದು. ನಾರ್ತ್ ಡಕೋಟಾದಲ್ಲಿ ಜನವೇ ಕಮ್ಮಿ, ಅಷ್ಟು ಆಟಗಾರರು ಎಲ್ಲಿಂದ ಬಂದರು? ಫಾರ್ಗೊದ ಗಡಿಯ ನದಿ ದಾಟಿದರೆ ಮಿನ್ನೆಸೋಟಾ. ಅದು ದೊಡ್ಡ ರಾಜ್ಯ, ಆದರೆ ಮೇಲಿನ ಮಹಡಿಯಲ್ಲಿ ಅದಕ್ಕೂ ಒಂದೇ ತಂಡ. 2021ರವರೆಗೆ ಎಫ್‌ಸಿಎಸ್ ತಂಡ ಒಂದೂ ಇರಲಿಲ್ಲ. ಟ್ರೇ ಲ್ಯಾನ್ಸ್ ಮಿನ್ನೆಸೋಟಾದ ಮಾರ್ಷಲ್ ಊರಿನ ಹುಡುಗ. ಅವನಿಗೆ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವನು, ಆಗಬೇಕಿತ್ತು. ತವರಿನ ದೊಡ್ಡ ತಂಡ ಅವನನ್ನು ಬೇರೆ ಜಾಗದಲ್ಲಿ ಆಡಿಸಲು ಯೋಚಿಸಿತ್ತು. ಅವನು ಫಾರ್ಗೊಗೆ ಹೋದ. 2019ರಲ್ಲಿ ಅಂಕ ತರುವ 28 ಟಚ್‌ಡೌನ್ ಪಾಸ್ ಎಸೆದ, ಎದುರಾಳಿ ಕೈಗೆ ಒಂದು ಚೆಂಡನ್ನೂ ಕೊಡಲಿಲ್ಲ. ತಂಡ 16ಕ್ಕೆ 16 ಗೆದ್ದಿತು. 2021ರಲ್ಲಿ, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಮೂರನೆಯವನಾಗಿ ಆಯ್ಕೆಯಾದ. ಫಾರ್ಗೊದಲ್ಲೂ ಕೋಚ್ ಬದಲಾದಾಗಲೆಲ್ಲ ಒಳಗಿನವರನ್ನು ಅಥವಾ ಹಿಂದೆ ಅಲ್ಲೇ ಕೆಲಸ ಮಾಡಿದವರನ್ನು ಕೂರಿಸಿದರು.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಮೌಂಟ್ ಯೂನಿಯನ್‌ಗೆ ಈ ಮೆಟ್ಟಿಲಿನ ಲೆಕ್ಕ ಸರಿಯಾಗಿ ಹೊಂದುವುದಿಲ್ಲ. ಓಹಾಯೋದಲ್ಲಿ ಎಲ್ಲ ಮಹಡಿಯಲ್ಲೂ ತಂಡಗಳಿವೆ. ಅವರ ಅಸಲು ಬೇರೆ. ಆ ಕಾಲೇಜು ಇರುವ ಅಲೈಯನ್ಸ್ ಊರಿನ ಪಕ್ಕದಲ್ಲೇ ಕ್ಯಾಂಟನ್, ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಇರುವ ಊರು. ಇನ್ನೊಂದು ಸ್ವಲ್ಪ ದೂರಕ್ಕೆ ಮ್ಯಾಸಿಲನ್. ಅಲ್ಲಿ ಗಂಡುಮಗು ಹುಟ್ಟಿದರೆ ಆಸ್ಪತ್ರೆಯ ತೊಟ್ಟಿಲಲ್ಲೇ ಒಂದು ಪುಟ್ಟ ಫುಟ್‌ಬಾಲ್ ಇಡುವ ಪದ್ಧತಿ. ಅಂಥ ಸೀಮೆಯಲ್ಲಿ ಎಲ್ಲ ಮಹಡಿ ತುಂಬಿದ ಮೇಲೂ ಹುಡುಗರು ಮಿಗುತ್ತಾರೆ.

ಹಾಗಾದರೆ ಇಷ್ಟು ಬಲ ಇರುವವರು ಮೇಲಿನ ಮಹಡಿಗೆ ಯಾಕೆ ಹೋಗುವುದಿಲ್ಲ? ಯುರೋಪಿನ ಫುಟ್‌ಬಾಲ್ ನೋಡುವ ನಮಗೆ ಮೊದಲು ಬರುವ ಪ್ರಶ್ನೆ ಇದೇ. ಅಲ್ಲಿ ಗೆದ್ದವರು ಮೇಲಕ್ಕೆ, ಸೋತವರು ಕೆಳಕ್ಕೆ. ಅಮೆರಿಕದಲ್ಲಿ ಹಾಗಿಲ್ಲ. ಯಾವ ಮಹಡಿ ಅನ್ನೋದನ್ನು ಕಾಲೇಜು ತಾನೇ ನಿರ್ಧರಿಸುತ್ತದೆ. ನೂರು ಸಲ ಗೆದ್ದರೂ ಯಾರೂ ಮೇಲಕ್ಕೆ ತಳ್ಳುವುದಿಲ್ಲ. ಮೇಲೆ ಹೋಗುವುದು ಪುಟ್ಟ ಕಾಲೇಜಿಗೆ ಲಾಭವೂ ಅಲ್ಲ. ಡಿವಿಷನ್ 3ರ ಖಾಸಗಿ ಕಾಲೇಜಿನಲ್ಲಿ ಫುಟ್‌ಬಾಲ್ ತಂಡ ಅಂದರೆ ಫೀಸು ಕಟ್ಟುವ ನೂರಾರು ಹುಡುಗರು. ರಿಯಾಯಿತಿ ಕಳೆದರೂ ಪ್ರತಿಯೊಬ್ಬನಿಂದ ಏನೋ ಒಂದು ಬರುತ್ತದೆ. ಗಂಡುಮಕ್ಕಳ ಸಂಖ್ಯೆ ಇಳಿಯುತ್ತಿರುವ ಎಷ್ಟೋ ಕಾಲೇಜುಗಳು ಫುಟ್‌ಬಾಲ್ ಶುರುಮಾಡಿದ್ದೇ ಸೀಟು ತುಂಬಿಸಲು. ಮೇಲಿನ ಮಹಡಿಗೆ ಹೋದರೆ ಲೆಕ್ಕ ತಿರುಗುಮುರುಗು. ಆಟಗಾರ ಫೀಸು ಕಟ್ಟುವ ಬದಲು ಕಾಲೇಜೇ ಆಟಗಾರನಿಗೆ ಕಟ್ಟಬೇಕು. ಇಲ್ಲೇ ಇದ್ದರೆ ಕಪ್ಪೂ ಸಿಗುತ್ತದೆ, ಫೀಸೂ ಸಿಗುತ್ತದೆ. ಯಾರು ಬಿಡ್ತಾರೆ?

ಕಳ್ಳದಾರಿಗಳೂ ಇವೆ, ಆದರೆ ಅವು ನಗು ಬರಿಸುವಷ್ಟು ಚಿಕ್ಕವು. ಟೆಕ್ಸಸ್‌ನ ಮೇರಿ ಹಾರ್ಡಿನ್-ಬೇಲರ್ 2016ರ ಪ್ರಶಸ್ತಿ ಕಳೆದುಕೊಂಡಿತು. ಕೋಚ್ ಮಾಡಿದ ತಪ್ಪೇನು? ತಮ್ಮ ಹಳೇ ಸುಬಾರು ಕಾರನ್ನು ಒಬ್ಬ ಆಟಗಾರನಿಗೆ ಓಡಾಡಲು ಕೊಟ್ಟಿದ್ದು. ಮೇಲಿನ ಮಹಡಿಯಲ್ಲಿ ಈಗ ಕೈಬದಲಾಗುವ ದುಡ್ಡು ನೋಡಿದರೆ ಆ ಸುಬಾರು ಪಾಪ ಅನ್ನಿಸುತ್ತದೆ.

ಆ ದುಡ್ಡೇ ಈಗ ಹೊಸ ಸಂಗತಿ. 2021ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡ್ಡು ಮಾಡಬಹುದು. ಅದೇ ವರ್ಷದಿಂದ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಜಿಗಿದು ಮರುವರ್ಷವೇ ಆಡುವುದೂ ಸಲೀಸಾಯಿತು. ಹಾಗೆ ಹೊರಡುವವರು ಹೆಸರು ಬರೆಸುವ ಪಟ್ಟಿಗೆ ಟ್ರಾನ್ಸ್‌ಫರ್ ಪೋರ್ಟಲ್ ಅನ್ನುತ್ತಾರೆ. ಕಾಯುವ ಹುಡುಗರೇ ಬಂಡವಾಳವಾಗಿದ್ದ ತಂಡಗಳಿಗೆ ಇದು ನೇರ ಏಟು. ಸೌತ್ ಡಕೋಟಾ ಸ್ಟೇಟ್ 2022, 2023ರಲ್ಲಿ ಎಫ್‌ಸಿಎಸ್ ಗೆದ್ದಿತು. 2024ರ ಸೀಸನ್ ಮುಗಿದ ಮೇಲೆ ಕೋಚ್ ಜಿಮ್ಮಿ ರಾಜರ್ಸ್ ವಾಷಿಂಗ್ಟನ್ ಸ್ಟೇಟ್‌ಗೆ ಹೊರಟರು, ಹಿಂದೆಯೇ ಹಲವು ಆಟಗಾರರೂ ಹೊರಟರು. ಹಿಂದೆ ಕೋಚ್ ಹೋದರೆ ಕೋಚ್ ಮಾತ್ರ ಹೋಗುತ್ತಿದ್ದ. ಈಗ ಮನೆ ಸಾಮಾನೂ ಜೊತೆಗೆ ಹೋಗುತ್ತದೆ. ಆದರೆ ಅದೇ ಸೀಸನ್ನಿನಲ್ಲಿ ಫಾರ್ಗೊದ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ಮಿಲ್ಲರ್ ಎಲ್ಲೂ ಹೋಗದೆ ಉಳಿದು, ಮೊಂಟಾನಾ ಸ್ಟೇಟ್ ವಿರುದ್ಧ 35-32ರಲ್ಲಿ ಕಪ್ ತಂದುಕೊಟ್ಟ.

ನೆಲಮಹಡಿಯಲ್ಲಿ ಹೆಸರುಗಳು ಬದಲಾಗಿವೆ, ಆಟದ ರೀತಿ ಬದಲಾಗಿಲ್ಲ. ಈಗಿನ ದೊಡ್ಡ ಹೆಸರು ಶಿಕಾಗೋ ಪಕ್ಕದ ನೇಪರ್‌ವಿಲ್‌ನ ನಾರ್ತ್ ಸೆಂಟ್ರಲ್ ಕಾಲೇಜು. ನೇಪರ್‌ವಿಲ್ ಅಂದರೆ ಭಾರತೀಯರು ಸಾಕಷ್ಟು ಇರುವ ಊರು, ಕನ್ನಡಿಗರೂ ಇದ್ದಾರೆ. ಅಲ್ಲಿ ಮನೆ ಮಾಡಿದ ಎಷ್ಟು ಜನಕ್ಕೆ ತಮ್ಮ ಊರಿನ ಕಾಲೇಜು 2019, 2022, 2024ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು ಅಂತ ಗೊತ್ತೋ! 2023ರ ಫೈನಲ್‌ನಲ್ಲಿ 38-37ರಲ್ಲಿ, ಒಂದೇ ಅಂಕದಿಂದ ಸೋತಿತು. ಇದನ್ನು ಕಟ್ಟಿದವರು ಜಾನ್ ಥಾರ್ನ್, ಪಕ್ಕದ ವೀಟನ್ ಊರಿನ ಹೈಸ್ಕೂಲು ಕೋಚ್ ಆಗಿದ್ದವರು. 2002ರಲ್ಲಿ ಬಂದರು. 2015ರಲ್ಲಿ ಮಗ ಜೆಫ್ ಕೈಗೆ ಕೊಟ್ಟರು. ಜೆಫ್ 2019ರಲ್ಲಿ ಗೆದ್ದು, ಎರಡು ವರ್ಷದ ಮೇಲೆ ಹೊರಟರು. ಬಂದವರು ಅದೇ ಕಾಲೇಜಿನ ಹಳೇ ಆಟಗಾರ ಬ್ರ್ಯಾಡ್ ಸ್ಪೆನ್ಸರ್. ಮೊದಲ ವರ್ಷವೇ ಕಪ್. ಆ ಫೈನಲ್‌ನಲ್ಲಿ ಸೋತವರು ಮೌಂಟ್ ಯೂನಿಯನ್. 2024ರಲ್ಲಿ ಸೋತವರೂ ಅವರೇ.

ಸೋಲುವವರು ಇದನ್ನೆಲ್ಲ ಎಷ್ಟು ದಿನ ಸಹಿಸಿಕೊಳ್ಳುತ್ತಾರೆ? ಮಿನ್ನೆಸೋಟಾದಲ್ಲಿ ಒಂದು ಲೀಗ್ ಸಹಿಸಿಕೊಳ್ಳಲಿಲ್ಲ. ಸೇಂಟ್ ಥಾಮಸ್ ವಿಶ್ವವಿದ್ಯಾಲಯ 1920ರಲ್ಲಿ ಆ ಲೀಗನ್ನು ಕಟ್ಟಿದ ಸಂಸ್ಥೆಗಳಲ್ಲಿ ಒಂದು. ಕಾಲ ಕಳೆದಂತೆ ಉಳಿದ ಕಾಲೇಜುಗಳಿಗಿಂತ ಎರಡು ಮೂರು ಪಟ್ಟು ದೊಡ್ಡದಾಯಿತು. 2008ರಲ್ಲಿ ಗ್ಲೆನ್ ಕರೂಸೊ ಕೋಚ್ ಆಗಿ ಬಂದ ಮೇಲೆ ಎಲ್ಲರನ್ನೂ ಹೊಡೆಯತೊಡಗಿತು. 2012ರಲ್ಲಿ ವೈಟ್‌ವಾಟರ್ ತಪ್ಪಿಸಿಕೊಂಡ ಆ ಒಂದು ಫೈನಲ್‌ಗೆ ಬಂದಿದ್ದೂ ಇದೇ ತಂಡ. 2017ರಲ್ಲಿ ಸೇಂಟ್ ಓಲಾಫ್ ಕಾಲೇಜನ್ನು 97-0ಯಿಂದ ಸೋಲಿಸಿತು. ತೊಂಬತ್ತೇಳು! 2019ರಲ್ಲಿ ಕಾಲೇಜುಗಳ ಅಧ್ಯಕ್ಷರು ಕೂತು, ಆಟದ ಸಮತೋಲನ ಕೆಡುತ್ತಿದೆ ಅಂತ ಕಾರಣ ಕೊಟ್ಟು ಸೇಂಟ್ ಥಾಮಸನ್ನು ಲೀಗಿನಿಂದಲೇ ಹೊರಹಾಕಿದರು. ತಪ್ಪು ಮಾಡಿದ್ದಕ್ಕಲ್ಲ, ಜಾಸ್ತಿ ಗೆದ್ದಿದ್ದಕ್ಕೆ.

ಹೊರಬಿದ್ದವರು 2021ರಲ್ಲಿ ನೇರವಾಗಿ ಎಫ್‌ಸಿಎಸ್‌ಗೆ ಹೋದರು. ನೆಲಮಹಡಿಯಿಂದ ಒಂದೇ ನೆಗೆತಕ್ಕೆ ಡಿವಿಷನ್ 1, ಈ ಕಾಲದಲ್ಲಿ ಹಾಗೆ ಹೋದವರಲ್ಲಿ ಅವರೇ ಮೊದಲು. ಮಿನ್ನೆಸೋಟಾದಲ್ಲಿ ಇಲ್ಲದ ಆ ನಡುವಿನ ಮೆಟ್ಟಿಲು ಅವರೇ ಆದರು. ಸೇರಿದ್ದು ಪಯೋನಿಯರ್ ಲೀಗಿಗೆ. ಅಲ್ಲೂ ಫುಟ್‌ಬಾಲ್‌ಗೆ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಎರಡನೇ ವರ್ಷ, 2022ರಲ್ಲಿ, ಆ ಲೀಗಿನ ಎಂಟಕ್ಕೆ ಎಂಟೂ ಪಂದ್ಯ ಗೆದ್ದರು.